137 ಪಿಪಿಎಂ ಆಕ್ಟೋಮೋರ್ ವಿಸ್ಕಿಗಿಂತ 40 ಪಿಪಿಎಂ ಪೋರ್ಟ್ ಶಾರ್ಲೆಟ್ಟೇ ಜಾಸ್ತಿ ಹೊಗೆ ಹೊಡೀತಿದೆ. ನನ್ನ ಮೂಗು ಕೆಟ್ಟಿದೆಯಾ?

ತೀರ್ಥಹಳ್ಳಿ ಟು ಗ್ಲಾಸ್ಗೋ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ತಿದ್ದೆ, ಬರೆಯೋದು ಇದೇ ಮೊದಲು.

ಕಳೆದ ತಿಂಗಳು ನಾನೂ ಮನೆಯವಳೂ ಸ್ಕಾಟ್ಲೆಂಡಿನ ವಿಸ್ಕಿ ದ್ವೀಪ ಐಲಾಕ್ಕೆ ಹೋಗಿದ್ವಿ. ಗ್ಲಾಸ್ಗೋದಿಂದ ಕಾರಲ್ಲಿ ಕೆನಕ್ರೇಗ್, ಅಲ್ಲಿಂದ ಸುಮಾರು ಎರಡು ಗಂಟೆ ಹಡಗು. ಎಂಟ್ಹತ್ತು ಡಿಸ್ಟಿಲರಿ ಇರೋ ಊರಲ್ಲಿ ಎಲ್ಲದಕ್ಕೂ ನುಗ್ಗಿ ತಲೆ ಕೆಡಿಸಿಕೊಳ್ಳೋದು ಬೇಡ, ಒಂದನ್ನೇ ಸರಿಯಾಗಿ ನೋಡೋಣ ಅಂತ ಬ್ರೂಕ್‌ಲ್ಯಾಡಿ ಹಿಡಿದ್ವಿ. ಕಾರಣ ಸಿಂಪಲ್. ಅದೇ ಗಿರಣಿ, ಅದೇ ಹಂಡೆಗಳು, ಆದ್ರೆ ಹೊರಗೆ ಬರೋದು ಮೂರು ಹೆಸರಲ್ಲಿ. ಮೂರೂ ತಂದೆ:

ಕ್ಲಾಸಿಕ್ ಲ್ಯಾಡಿ, 50%. ಹೊಗೆ ಇಲ್ಲವೇ ಇಲ್ಲ. ಗಿರಣಿಯಿಂದ ಬಿಸಿಬಿಸಿ ತಂದ ಹಿಟ್ಟಿನ ಡಬ್ಬಿ ಮುಚ್ಚಳ ತೆಗೆದ ಹಾಗೆ. ಹಿಂದೆ ಜೇನು, ನಿಂಬೆ ಸಿಪ್ಪೆ, ಕೊನೇಲಿ ಒಂಚೂರು ಉಪ್ಪು.

ಪೋರ್ಟ್ ಶಾರ್ಲೆಟ್ 10, ಇದೂ 50%. 40 ಪಿಪಿಎಂ. ಊರಿನ ಬಚ್ಚಲೊಲೆಗೆ ಮಳೆಗಾಲದ ಹಸಿ ಸೌದೆ ತುರುಕಿ ಊದ್ತಾ ಕೂತ ಹಾಗೆ. ಮಾರನೇ ದಿನ ಖಾಲಿ ಗ್ಲಾಸ್ ಮೂಸಿದರೂ ಬಚ್ಚಲೇ.

ಆಕ್ಟೋಮೋರ್ 13.1, ಐದೇ ವರ್ಷದ್ದು, 59.2%. 137.3 ಪಿಪಿಎಂ. ಉಳಿದೆರಡರ ದುಡ್ಡು ಸೇರಿಸಿದ್ರೂ ಇದರ ಬೆಲೆ ಆಗಲ್ಲ. ಮನೆಗೆ ಬೆಂಕಿ ಬಿದ್ದ ಹಾಗಿರುತ್ತೆ ಅಂದ್ಕೊಂಡು ಬಾಯಿಗಿಟ್ಟರೆ ಆಲೆಮನೆ! ಜೋನಿಬೆಲ್ಲ, ವೆನಿಲ್ಲಾ, ಹೊಗೆ ಇದೆ ಆದ್ರೆ ಸಿಹಿಯ ಹಿಂದೆ ನಿಂತಿದೆ.

ಲೆಕ್ಕದ ಪ್ರಕಾರ ಮೂರೂವರೆ ಪಟ್ಟು ಹೊಗೆ ಇರಬೇಕಿತ್ತಲ್ವಾ? ನನಗೆ ಪೋರ್ಟ್ ಶಾರ್ಲೆಟ್ಟೇ ಜೋರು ಅನ್ನಿಸ್ತು. ನನ್ನ ಮೂಗಿನ ತೊಂದರೆಯಾ, ಅಥವಾ ಬಾಟಲಿ ಮೇಲಿನ ಸಂಖ್ಯೆಯೇ ಬರೀ ಬೊಗಳೆಯಾ?

ಸೋಡಾ ಬೇಡ

ಮೂರೂ ಒಂದೇ ರಾತ್ರಿ ಕುಡಿದ್ರಾ? ಹಾಗಿದ್ರೆ ಮೂಗಿನ ತೊಂದರೆ ಅಲ್ಲ ಬಿಡಿ.

ತೀರ್ಥಹಳ್ಳಿ ಟು ಗ್ಲಾಸ್ಗೋ

ಒಂದೊಂದು 20 ಎಂಎಲ್ ಅಷ್ಟೇ ಸಾರ್. ಮೂರು ರಾತ್ರಿ ಬೇರೆ ಬೇರೆ ಮಾಡಿದ್ದೀನಿ.

ಅರ್ಧ ಲೋಟ

ನಾನು ಹೊಸಬಳು, ಬೈಬೇಡಿ. ಪಿಪಿಎಂ ಅಂದ್ರೆ ಏನು? ನೀರಿನ ಫಿಲ್ಟರ್ ಮಾರೋಕೆ ಬರೋರು ಹೇಳ್ತಾರಲ್ಲ, ಅದೇನಾ?

ಕೆಮಿಸ್ಟ್ರಿ ಮೇಷ್ಟ್ರು

ಅದೇ ಅಳತೆ ತಂಗೀ, ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಅಂತ. ಇಲ್ಲಿ ಅಳೆಯೋದು ಫೀನಾಲ್‌ಗಳನ್ನ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ನಮ್ಮ ಮನೆಗಳಲ್ಲಿ ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬರಿಸಿ ಒಣಗಿಸಿ ಮಾಲ್ಟ್ ಪುಡಿ ಮಾಡ್ತಾರಲ್ಲ, ಬಾರ್ಲಿಗೂ ಅದನ್ನೇ ಮಾಡೋದು. ನಾವು ಬಿಸಿಲಿಗೆ ಹಾಕ್ತೀವಿ. ಸ್ಕಾಟ್ಲೆಂಡಲ್ಲಿ ಆ ಬಿಸಿಲಿಗೆ ಎಲ್ಲಿ ಹೋಗೋದು? ಕೆಳಗೆ ಬೆಂಕಿ ಹಾಕಿ ಒಣಗಿಸಿದರು. ಐಲಾದಂಥ ಕಡೆ ಮರ ಕಮ್ಮಿ, ಆದ್ರೆ ಸಾವಿರಾರು ವರ್ಷದಿಂದ ಪಾಚಿ, ಹುಲ್ಲು ಕೊಳೆತು ಗಟ್ಟಿಯಾದ ಪೀಟ್ ಅನ್ನೋ ಮಣ್ಣು ಬೇಕಾದಷ್ಟಿದೆ. ಅದನ್ನ ಇಟ್ಟಿಗೆ ಹಾಗೆ ಕಡಿದು, ಒಣಗಿಸಿ ಉರಿಸ್ತಾರೆ. ಹಸಿ ಕಾಳಿಗೆ ಆ ಹೊಗೆ ಹತ್ತಿ ಕೂರುತ್ತೆ. ಹಾಗೆ ಕೂತ ಫೀನಾಲ್ ಎಷ್ಟು ಅನ್ನೋದೇ ಈ ಸಂಖ್ಯೆ.

ಈಗ ತೀರ್ಥಹಳ್ಳಿಯವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಆ 137.3 ಅಳೆದದ್ದು ಕಾಳಿನಲ್ಲಿ, ನಿಮ್ಮ ಗ್ಲಾಸಿನಲ್ಲಿ ಅಲ್ಲ. ಸಿಪ್ಪೆಗೆ ಹತ್ತಿದ ಹೊಗೆಯಲ್ಲಿ ಒಂದಷ್ಟು ಚರಟದ ಜೊತೆ ದನಗಳ ಮೇವಿಗೆ ಹೋಗುತ್ತೆ, ಇನ್ನೊಂದಷ್ಟು ಭಟ್ಟಿ ಇಳಿಸುವಾಗ ಹಿಂದುಳಿಯುತ್ತೆ. ಗ್ಲಾಸಿಗೆ ಬರೋದು ಅದರ ಒಂದು ಪಾಲು ಮಾತ್ರ. ಐಲಾದ್ದೇ ಇನ್ನೊಂದು ವಿಸ್ಕಿ ಲಫ್ರೋಯ್ಗ್, ಅದರ ಕಾಳೂ ಹೆಚ್ಚುಕಮ್ಮಿ 40ರ ಆಸುಪಾಸಿನದ್ದೇ. ಅದನ್ನೂ ಪೋರ್ಟ್ ಶಾರ್ಲೆಟ್ಟನ್ನೂ ಪಕ್ಕಪಕ್ಕ ಇಟ್ಟು ಮೂಸಿ, ಒಂದೇ ಸಂಖ್ಯೆ ಅಂತ ಯಾರೂ ನಂಬಲ್ಲ.

ಹುಬ್ಬಳ್ಳಿಯಾಂವ

ಅಂದ್ರ ಬಾಟ್ಲಿ ಮ್ಯಾಲ ಬರದಿದ್ದು ಒಳಗಿಲ್ಲ ಅಂದಂಗಾತು. ಇದಕ್ಕ ಇಷ್ಟು ರೊಕ್ಕ ಯಾಕ ಕೊಡಬೇಕ್ರಿ?

ಶುದ್ಧ ಸ್ಕಾಚ್

ಆಕ್ಟೋಮೋರನ್ನು ಹೊಗೆಗಾಗಿ ಕೊಳ್ಳುವವರು ಇನ್ನೂ ಕಲಿಯುವುದಿದೆ. ಅದು ಬಾರ್ಲಿಯ ಕಥೆ. ಅದರ 8.3 ಆವೃತ್ತಿಯಲ್ಲಿ 309.1 ಪಿಪಿಎಂ ಇತ್ತು, ಅದನ್ನೂ ಸವಿದಿದ್ದೇನೆ. ಅಲ್ಲೂ ಮುಂದೆ ಬಂದದ್ದು ಬಾರ್ಲಿಯೇ. ಮತ್ತೆ ದಯವಿಟ್ಟು ಇಂಥದ್ದನ್ನು "ಹೊಡೀತಿದೆ" ಎಂದು ಬರೆಯಬೇಡಿ. ಸಿಂಗಲ್ ಮಾಲ್ಟನ್ನು ಸವಿಯುತ್ತಾರೆ.

ಮೂರನೇ ಪೆಗ್

ಓಹೋ ಬಂದ್ರು ಗುರುಗಳು. 309.1 ಕುಡಿದ ವಿಷಯ ಈ ವರ್ಷಕ್ಕೆ ನಾಲ್ಕನೇ ಸಲ ಹೇಳ್ತಿದ್ದೀರಾ ಸಾರ್.

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬ್ರೂಕ್‌ಲ್ಯಾಡಿ ಹಂಡೆಗಳನ್ನ ನೋಡಿದ್ರೆ ಅರ್ಥ ಆಗುತ್ತೆ. ಉದ್ದ ಕತ್ತು, ಕೊಕ್ಕರೆ ಹಾಗೆ. ಆವಿ ಮೇಲೆ ಹತ್ತಬೇಕು, ಭಾರದ್ದೆಲ್ಲ ಅರ್ಧ ದಾರೀಲಿ ತಾಮ್ರಕ್ಕೆ ತಾಗಿ ತಣ್ಣಗಾಗಿ ವಾಪಸ್ ಕೆಳಗೆ. ಹಗುರವಾದ್ದು ಮಾತ್ರ ದಾಟುತ್ತೆ. ಇನ್ನೊಂದು ವಿಷಯ: ಭಟ್ಟಿ ಇಳಿಸುವಾಗ ಮೊದಲ ಧಾರೆ, ಕಡೇ ಧಾರೆ ಎರಡನ್ನೂ ಬೇರೆ ಮಾಡಿ ನಡುವಿನದ್ದನ್ನ ಮಾತ್ರ ಪೀಪಾಯಿಗೆ ತಗೋತಾರೆ. ಹೊಗೆಯ ಫೀನಾಲ್‌ಗಳು ಬರೋದೇ ತಡವಾಗಿ. ಎಲ್ಲಿ ನಿಲ್ಲಿಸ್ತಾರೆ ಅನ್ನೋದರ ಮೇಲೆ ಇಡೀ ರುಚಿ ನಿಂತಿದೆ. ಲಫ್ರೋಯ್ಗ್‌ನವರು ತುಂಬಾ ಹೊತ್ತು ಬಿಡ್ತಾರೆ ಅಂತಾರೆ, ಆ ಆಸ್ಪತ್ರೆ ವಾಸನೆಗೆ ಅದೂ ಒಂದು ಕಾರಣ.

ಕುಂದಾಪುರದ ಗಾಳಿ

ಆಸ್ಪತ್ರೆ ಅಂದದ್ದು ಸಮ ಮಾರಾಯ್ರೆ. ನಾನು ಮೊದಲ ಸಲ ಲಫ್ರೋಯ್ಗ್ ಕುಡ್ದದ್ದು ದುಬೈಯಲ್ಲಿ. ಅದರ ವಾಸನೆ ಬಂದ ಕೂಡ್ಲೇ ನಮ್ಮೂರ ಡಾಕ್ಟ್ರ ಡ್ರೆಸ್ಸಿಂಗ್ ರೂಮೇ ಕಣ್ಣಮುಂದೆ. ಚಿಕ್ಕಂದಿನಲ್ಲಿ ಮೊಣಕಾಲಿಗೆ ಅಯೋಡಿನ್ ಹಚ್ಚಿಸಿಕೊಂಡು ಅತ್ತದ್ದು ನೆನಪಾಯ್ತು. ಪೋರ್ಟ್ ಶಾರ್ಲೆಟ್ ಹಾಗಲ್ಲ, ಅದು ನಮ್ಮ ಒಣಮೀನು ಸುಟ್ಟ ವಾಸನೆ. ನನಗಂತೂ ಅದೇ ಲಾಯ್ಕ್.

ಮಡಿಕೇರಿ ಮಂಜು

ಒಣಮೀನಲ್ಲ, ಹೊಗೆಗೆ ಕಟ್ಟಿದ ಹಂದಿಮಾಂಸ. ಒಲೆ ಮೇಲಿನ ಅಟ್ಟದಲ್ಲಿ ತಿಂಗಳುಗಟ್ಟಲೆ ನೇತಾಡಿದ್ದು. ಪೋರ್ಟ್ ಶಾರ್ಲೆಟ್ ಮೊದಲ ಗುಟುಕಿಗೇ ಅಜ್ಜಿ ಅಡುಗೆಮನೆ.

ಜಯನಗರ 4ನೇ ಬ್ಲಾಕ್

ಇಷ್ಟೆಲ್ಲ ಯಾಕೆ, ನಮ್ಮ ಅಮೃತ್ ಫ್ಯೂಷನ್ ತಗೊಳ್ಳಿ. ಮೈಸೂರು ರೋಡಲ್ಲೇ ತಯಾರಾಗೋದು. ಭಾರತದ ಬಾರ್ಲಿ, ಸ್ಕಾಟ್ಲೆಂಡಿನ ಹೊಗೆ ಬಾರ್ಲಿ ಎರಡೂ ಸೇರಿಸಿದ್ದು, ಅದೂ 50%. ಹೊಗೆ ಹದವಾಗಿದೆ. 2004ರಲ್ಲಿ ಇವರು ತಮ್ಮ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ್ದೇ ನಿಮ್ಮ ಗ್ಲಾಸ್ಗೋದಲ್ಲಿ. ಐದು ವರ್ಷದ ಕೂಸಿಗೆ ಅಷ್ಟು ದುಡ್ಡು ಸುರಿಯೋದು ನನಗಂತೂ ಅರ್ಥ ಆಗಲ್ಲ.

ಮೂರನೇ ಪೆಗ್

ಅಮೃತ್ ನನಗೂ ಇಷ್ಟ. ಆದ್ರೆ ವಯಸ್ಸಿನ ಮಾತು ನೀವು ಎತ್ತಬಾರದಿತ್ತು ಸಾರ್, ಅಮೃತ್ ಬಾಟಲಿ ಮೇಲೆ ಸಾಮಾನ್ಯವಾಗಿ ವಯಸ್ಸೇ ಇರಲ್ಲ. 😀 ಬೆಂಗಳೂರಿನ ಸೆಖೆಗೆ ಪೀಪಾಯಿಯಿಂದ ವರ್ಷಕ್ಕೆ 10-12% ಆವಿಯಾಗಿ ಹೋಗುತ್ತೆ, ಸ್ಕಾಟ್ಲೆಂಡಲ್ಲಿ 2% ಸುಮಾರು. ಇಲ್ಲಿನ ಐದು ವರ್ಷ, ಅಲ್ಲಿನ ಐದು ವರ್ಷ ಒಂದೇ ಅಲ್ಲ.

ಜಯನಗರ 4ನೇ ಬ್ಲಾಕ್

ಬೆಂಗಳೂರಲ್ಲಿ ಸೆಖೆ ಅಂದವರನ್ನ ಚೆನ್ನೈಗೆ ಕಳಿಸಬೇಕು.

ಶುದ್ಧ ಸ್ಕಾಚ್

ವಯಸ್ಸು ಎಂದಾಗ ನೆನಪಾಯಿತು. ಕ್ಲಾಸಿಕ್ ಲ್ಯಾಡಿ ಮೇಲೂ ವಯಸ್ಸಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಆ ಬಾಟಲಿಯ ಮೇಲೆ ಒಂದು ಕೋಡ್ ಇರುತ್ತದೆ. ಅದನ್ನು ಅವರ ವೆಬ್‌ಸೈಟಿನಲ್ಲಿ ಹಾಕಿದರೆ ಯಾವ ವರ್ಷದ ಬಾರ್ಲಿ, ಯಾವ ಯಾವ ಪೀಪಾಯಿ ಎಂದು ಪೂರ್ತಿ ಜಾತಕ ಬರುತ್ತದೆ. ಬಾಟಲಿ ಮೇಲೆ ಬರೆಯಲು ಕಾನೂನು ಬಿಡುವುದು ಅದರಲ್ಲಿರುವ ಅತಿ ಎಳೆಯ ವಿಸ್ಕಿಯ ವಯಸ್ಸನ್ನು ಮಾತ್ರ. ಹತ್ತು ಹಳೆಯದಕ್ಕೆ ಒಂದು ಎಳೆಯದು ಸೇರಿದರೂ ಎಳೆಯದರದ್ದೇ ಲೆಕ್ಕ.

ಹುಬ್ಬಳ್ಳಿಯಾಂವ

ಇದು ಚಲೋ ಹೇಳಿದ್ರಿ ನೋಡ್ರಿ. ಗೊತ್ತಿರಲಿಲ್ಲ.

ಸೋಡಾ ಬೇಡ

ಬ್ರೂಕ್‌ಲ್ಯಾಡಿ ಐಲಾದ್ದಲ್ವಾ, ಮೊದಲಿಂದಲೂ ಹೊಗೆ ವಿಸ್ಕಿಯೇ. ಈ ಹೊಗೆ ಇಲ್ಲದ ಲ್ಯಾಡಿ ಈಚಿನ ಫ್ಯಾಷನ್.

ಮೂರನೇ ಪೆಗ್

ಉಲ್ಟಾ ಹೇಳ್ತಿದ್ದೀರಾ. 1881ರಲ್ಲಿ ಹಾರ್ವೆ ಅಣ್ಣತಮ್ಮಂದಿರು ಕಟ್ಟಿದ್ದು. 1994ರಲ್ಲಿ ಬಾಗಿಲು ಹಾಕುವಾಗ ಐಲಾದಲ್ಲೇ ಹಗುರ ವಿಸ್ಕಿ ಅಂತ ಹೆಸರು. 2000ದ ಕೊನೇಲಿ ಮಾರ್ಕ್ ರೇನಿಯರ್ ತಂಡ ಕೊಂಡುಕೊಳ್ತು, ಬೋಮೋರ್ ಡಿಸ್ಟಿಲರಿಯಲ್ಲಿದ್ದ ಜಿಮ್ ಮೆಕ್ಯುವನ್ ಬಂದು ಸೇರಿಕೊಂಡ್ರು. 2001ರ ಮೇನಲ್ಲಿ ಮತ್ತೆ ಹಂಡೆ ಹಚ್ಚಿದಾಗ ಮೊದಲು ಇಳಿಸಿದ್ದು ಪೋರ್ಟ್ ಶಾರ್ಲೆಟ್ ಆಗಬೇಕಿದ್ದ ಹೊಗೆ ಸರಕು. ಮಾರನೇ ವರ್ಷ ಆಕ್ಟೋಮೋರ್. ಹೆಸರುಗಳು ಮಾತ್ರ ಹಳೇವು: ಪೋರ್ಟ್ ಶಾರ್ಲೆಟ್ ಪಕ್ಕದ ಊರು, ಅಲ್ಲಿದ್ದ ಡಿಸ್ಟಿಲರಿ 1929ರಲ್ಲಿ ಮುಚ್ಚಿತ್ತು. ಆಕ್ಟೋಮೋರ್ ಒಂದು ತೋಟ. 2012ರಲ್ಲಿ ಇಡೀ ಕಂಪನಿ ಫ್ರಾನ್ಸಿನ ಮದ್ಯ ಕಂಪನಿ ರೆಮಿ ಕ್ವಾಂತ್ರೋ ಪಾಲಾಯ್ತು, 5.8 ಕೋಟಿ ಪೌಂಡಿಗೆ.

ಒಂದು ಮಜಾ ಕಥೆ. ಅಲ್ಲಿ ಕಂಪ್ಯೂಟರ್ ಇಲ್ಲದೇ ಕೆಲಸ ಮಾಡ್ತೀವಿ ಅಂತ ಬೀಗ್ತಾರಲ್ಲ, ಆದ್ರೆ ಜನ ನೋಡಲಿ ಅಂತ ವೆಬ್‌ಕ್ಯಾಮ್ ಹಾಕಿದ್ರು. 2003ರಲ್ಲಿ ಒಂದು ಮೇಲ್ ಬಂತು, ನಿಮ್ಮ ಒಂದು ಕ್ಯಾಮೆರಾ ಕೆಟ್ಟಿದೆ ಅಂತ. ಬರೆದದ್ದು ಅಮೆರಿಕದ ರಕ್ಷಣಾ ಇಲಾಖೆ ಏಜೆನ್ಸಿ! ರಾಸಾಯನಿಕ ಅಸ್ತ್ರದ ಮೇಲೆ ಕಣ್ಣಿಡೋ ಜನ. ಇವರು ಬಿಡ್ತಾರಾ, ಅದರ ಹೆಸರಲ್ಲೂ ಒಂದು ಬಾಟಲಿ ಮಾಡಿ ಮಾರಿದ್ರು.

ಅರ್ಧ ಲೋಟ

😂😂 ಹಂಡೆ ನೋಡಿ ಬಾಂಬ್ ಅಂದ್ಕೊಂಡ್ರಾ

ಹುಬ್ಬಳ್ಳಿಯಾಂವ

ನನಗ ಒಂದು ಸಿಟ್ಟು ಐತಿ. ಈ ಬ್ರೂಕ್‌ಲ್ಯಾಡಿ ಮಂದಿ ಮಣ್ಣು, ಗಾಳಿ, ನಮ್ಮ ದ್ವೀಪದ ಬಾರ್ಲಿ ಅಂತ ಭಾಳ ಭಾಷಣ ಮಾಡ್ತಾರ. ಖರೇ ಹೇಳ್ರಿ, ಆ ಬಾರ್ಲಿ ಮೊಳಕಿ ಬರಸೂದು ಎಲ್ಲಿ? ಇನ್ವರ್ನೆಸ್‌ನಾಗ. ಐಲಾದಾಗ ಬೆಳದಿದ್ದನ್ನ ಹಡಗಿನ್ಯಾಗ ಹೇರಿ ಅತ್ತಾಗ ಕಳಸೂದು, ಅಲ್ಲೇ ಮಾಲ್ಟ್ ಮಾಡಿಸಿ, ಅಲ್ಲೇ ಹೊಗಿ ಹಾಕಿಸಿ, ಮತ್ತ ಹಡಗಿನ್ಯಾಗ ತರಸೂದು. ಹೊಗಿನೂ ಐಲಾದ್ದಲ್ಲ! ಬೆಳಗಾವಿ ಕುಂದಾಕ್ಕ ಹಾಲು ಪುಣೆದಾಗ ಕಾಸಿಕೊಂಡು ಬಂದ್ರ ನೀವು ಒಪ್ಪತೀರೇನು?

ತೀರ್ಥಹಳ್ಳಿ ಟು ಗ್ಲಾಸ್ಗೋ

ಟೂರಲ್ಲಿ ನಾನೂ ಇದನ್ನೇ ಕೇಳಿದೆ. ಗೈಡ್ ಏನೂ ಮುಚ್ಚಿಡಲಿಲ್ಲ, ಹೌದು ಇನ್ವರ್ನೆಸ್ಸೇ ಅಂದಳು. ಬಿಸಿನೀರಲ್ಲಿ ನೆನೆಸೋದು, ಹುಳಿ ಬರಿಸೋದು, ಭಟ್ಟಿ, ಪೀಪಾಯಿ, ಬಾಟಲಿ ತುಂಬೋದು ಎಲ್ಲ ಐಲಾದಲ್ಲೇ. ಎಷ್ಟೋ ಐಲಾ ವಿಸ್ಕಿಗಳು ಟ್ಯಾಂಕರಲ್ಲಿ ಹೊರಗೆ ಹೋಗಿ ಬಾಟಲಿಗೆ ಬೀಳೋದು ಅನ್ನೋದೂ ಲೆಕ್ಕಕ್ಕೆ ತಗೋಬೇಕು.

ಕುಂದಾಪುರದ ಗಾಳಿ

ಕುಂದಾ ಬಂತು, ಈಗ ಜಗಳ ಶುರು ಆಗ್ತದೆ ಕಾಣಿ.

ಕೆಮಿಸ್ಟ್ರಿ ಮೇಷ್ಟ್ರು

ಉಳಿದರ್ಧ ಉತ್ತರ ಬಾಕಿ ಇದೆ, ಅಷ್ಟರಲ್ಲಿ ಎಲ್ಲೆಲ್ಲಿಗೋ ಹೋದಿರಿ.

ನಮ್ಮ ಮೂಗು ಮಗ್ಗಿ ಲೆಕ್ಕದಲ್ಲಿ ಕೆಲಸ ಮಾಡಲ್ಲ. ಒಂದು ಊದುಬತ್ತಿ ಹಚ್ಚಿದ ಕೋಣೆಗೂ ಮೂರು ಹಚ್ಚಿದ ಕೋಣೆಗೂ ಮೂರು ಪಟ್ಟು ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ. ಒಂದು ಮಟ್ಟ ದಾಟಿದ ಮೇಲೆ "ಹೊಗೆ" ಅಂತ ಮಾತ್ರ ಗೊತ್ತು.

ಎರಡನೇದು ಮುಖ್ಯ. ನೀವು ಆಕ್ಟೋಮೋರಿಗೆ ನೀರು ಹಾಕಿದ್ರಾ? 2017ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಗ್ವಾಯಾಕಾಲ್ ಅನ್ನೋ ಹೊಗೆವಾಸನೆಯ ಅಣು ಆಲ್ಕೋಹಾಲ್-ನೀರಿನ ಮಿಶ್ರಣದಲ್ಲಿ ಎಲ್ಲಿ ನಿಲ್ಲುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕಿದರು. 45%ವರೆಗೆ ಅದು ಮೇಲ್ಮೈಯಲ್ಲೇ, ಗಾಳಿಗೆ ಹತ್ತಿರ ಇರುತ್ತೆ. 59% ದಾಟಿದರೆ ಆಲ್ಕೋಹಾಲ್ ಸುತ್ತುವರಿದು ಒಳಕ್ಕೆ ಎಳಕೊಳ್ಳುತ್ತೆ. ನಿಮ್ಮ ಬಾಟಲಿ 59.2. ಹೊಗೆ ಒಳಗೆ ಅಡಗಿ ಕೂತಿದೆ, ನೀವು ಕರೀಲಿಲ್ಲ.

ಸೋಡಾ ಬೇಡ

ಕಂಪ್ಯೂಟರ್ ಲೆಕ್ಕ ಅಂತ ನೀವೇ ಹೇಳಿದ್ರಿ. ಒಬ್ಬನೂ ಕುಡಿದು ನೋಡಿಲ್ಲ ಅಂದಂಗಾಯ್ತು.

ಕೆಮಿಸ್ಟ್ರಿ ಮೇಷ್ಟ್ರು

ಒಪ್ಪಿದೆ. ಅದಕ್ಕೇ ಕುಡಿದು ನೋಡಲಿ ಅಂತಿರೋದು.

ಶುದ್ಧ ಸ್ಕಾಚ್

ಆಕ್ಟೋಮೋರಿಗೆ ನೀರು ಹಾಕುವುದು ಮಹಾಪರಾಧ.

ಮಡಿಕೇರಿ ಮಂಜು

ನಾನು ಒಮ್ಮೆ ಲ್ಯಾಡಿಗೆ ಫ್ರಿಜ್ಜಿನ ನೀರು, ಐಸ್ ಹಾಕಿದೆ. ಬೆಳ್ಳಗೆ ಕದಡಿಹೋಯ್ತು. ನಕಲಿ ಮಾಲು ಅಂತ ಇಡೀ ಗ್ಲಾಸ್ ಸಿಂಕಿಗೆ ಚೆಲ್ಲಿಬಿಟ್ಟೆ.

ಮೂರನೇ ಪೆಗ್

ಅಯ್ಯೋ ಪಾಪಿ!! ಅದು ನಕಲಿಯ ಗುರುತಲ್ಲ, ಸೋಸಿಲ್ಲ ಅನ್ನೋದರ ಗುರುತು. ಎಷ್ಟೋ ಕಂಪನಿಗಳು ವಿಸ್ಕಿಯನ್ನ ತಣ್ಣಗೆ ಮಾಡಿ ಎಣ್ಣೆಯಂಶ ಸೋಸಿ ತೆಗೀತಾರೆ, ಗ್ಲಾಸಲ್ಲಿ ಫಳಫಳ ಅನ್ನಲಿ ಅಂತ. ಇವರು ಸೋಸಲ್ಲ. ನೀರು ಸೇರಿ 46%ಗಿಂತ ಕೆಳಗೆ ಹೋದ್ರೆ, ಅದರಲ್ಲೂ ತಣ್ಣಗಿದ್ರೆ, ಆ ಅಂಶ ಬೇರ್ಪಟ್ಟು ಮಂಜು ಕಟ್ಟುತ್ತೆ. ತುಪ್ಪ ಚಳಿಗೆ ಗಟ್ಟಿಯಾದ್ರೆ ಚೆಲ್ತೀರಾ?

ಮಡಿಕೇರಿ ಮಂಜು

ಇವತ್ತು ರಾತ್ರಿ ನಿದ್ದೆ ಬರಲ್ಲ ನನಗೆ.

ಜಯನಗರ 4ನೇ ಬ್ಲಾಕ್

ನೆಂಚಿಕೊಳ್ಳೋಕೆ ಏನಿತ್ತು ಅಂತ ಯಾರೂ ಕೇಳಲೇ ಇಲ್ಲ. ಕಾಂಗ್ರೆಸ್ ಕಡಲೆಬೀಜ ತಿಂದಿದ್ರೆ ಹೊಗೆಯೂ ಗೊತ್ತಾಗಲ್ಲ ಬೆಂಕಿಯೂ ಗೊತ್ತಾಗಲ್ಲ.

ತೀರ್ಥಹಳ್ಳಿ ಟು ಗ್ಲಾಸ್ಗೋ

...ಖಾರ ಮಂಡಕ್ಕಿ.

ಶುದ್ಧ ಸ್ಕಾಚ್

ಶಿವ ಶಿವಾ.

ಕೆಮಿಸ್ಟ್ರಿ ಮೇಷ್ಟ್ರು

ಖಾರ ಮಂಡಕ್ಕಿ ಬಿಡಿ, ಉಪ್ಪಿಲ್ಲದ ಬ್ರೆಡ್ ಚೂರು, ನೀರು ಸಾಕು. ಹೀಗೆ ಮಾಡಿ: ಎರಡನ್ನೂ 46%ಗೆ ಇಳಿಸಿ. 20 ಎಂಎಲ್ ಪೋರ್ಟ್ ಶಾರ್ಲೆಟ್‌ಗೆ 1.7 ಎಂಎಲ್ ನೀರು, 20 ಎಂಎಲ್ ಆಕ್ಟೋಮೋರಿಗೆ 5.7 ಎಂಎಲ್. ಮಕ್ಕಳಿಗೆ ಔಷಧಿ ಹಾಕೋ ಸಿರಿಂಜ್ ಇದ್ದರೆ ಅಳತೆ ಸುಲಭ. ಬಣ್ಣ ಕಾಣಬಾರದು, ಅದಕ್ಕೆ ಸ್ಟೀಲ್ ಲೋಟ. ಮನೆಯವರು ಮೂರು ಲೋಟ ಕೊಡಲಿ. ಎರಡರಲ್ಲಿ ಒಂದೇ ವಿಸ್ಕಿ, ಮೂರನೇದರಲ್ಲಿ ಇನ್ನೊಂದು. ಬೇರೆ ಯಾವುದು ಹೇಳಿ, ಆಮೇಲೆ ಯಾವುದು ಜಾಸ್ತಿ ಹೊಗೆ ಹೇಳಿ. ನಾಲ್ಕು ಸಲ. ಲ್ಯಾಡಿ ಈ ಪರೀಕ್ಷೆಗೆ ಬೇಡ, ಅದು ಕಣ್ಣುಮುಚ್ಚಿದ್ರೂ ಸಿಕ್ಕಿಬೀಳುತ್ತೆ. ನುಂಗಬೇಡಿ, ಉಗೀರಿ.

ಸೋಡಾ ಬೇಡ

ಆಕ್ಟೋಮೋರ್ ಉಗಿಯೋದಾ? ಇದಕ್ಕಿಂತ ನೀರು ಹಾಕೋದೇ ವಾಸಿ.

ಶುದ್ಧ ಸ್ಕಾಚ್

ಸ್ಟೀಲ್ ಲೋಟ!! ನಾನು ಈ ಚರ್ಚೆಯಿಂದ ಹೊರಟೆ.

ತೀರ್ಥಹಳ್ಳಿ ಟು ಗ್ಲಾಸ್ಗೋ

ಶನಿವಾರ ಮಾಡಿದ್ವಿ. ಮೇಷ್ಟ್ರು ಹೇಳಿದ ಹಾಗೇ, ಸ್ಟೀಲ್ ಲೋಟದಲ್ಲೇ. ಸಿರಿಂಜ್ ಮಗಳದ್ದು.

ಬೇರೆ ಲೋಟ ಯಾವುದು ಅಂತ ನಾಲ್ಕರಲ್ಲಿ ಮೂರು ಸಲ ಸರಿ ಹೇಳಿದೆ. ಯಾವುದರಲ್ಲಿ ಹೊಗೆ ಜಾಸ್ತಿ? ಎರಡು ಸಲ ಆಕ್ಟೋಮೋರ್ ಅಂದೆ, ಎರಡು ಸಲ ಪೋರ್ಟ್ ಶಾರ್ಲೆಟ್ ಅಂದೆ. ಅಂದ್ರೆ ನನ್ನ ಮೊದಲ ಪೋಸ್ಟ್ ಅಷ್ಟು ಗಟ್ಟಿಯಾಗಿ ಬರೆಯೋ ಮಾತಾಗಿರಲಿಲ್ಲ. ಆದ್ರೆ ಒಂದು ನಿಜ: ನೀರು ಬಿದ್ದ ಮೇಲೆ ಆಕ್ಟೋಮೋರ್ ಬೇರೆಯೇ ಆಯ್ತು. ಜೋನಿಬೆಲ್ಲ ಹಿಂದೆ ಸರಿದು, ಮಳೆ ಬಿದ್ದ ಮೇಲೆ ಆರಿದ ಒಲೆ ಬೂದಿ ಕೆದಕಿದ ವಾಸನೆ ಮುಂದೆ ಬಂತು. ಪೋರ್ಟ್ ಶಾರ್ಲೆಟ್‌ದು ಹಸಿ ಸೌದೆ ಹೊಗೆ, ಇದರದ್ದು ಒಣ ಬೂದಿ. ಹೆಚ್ಚು ಕಮ್ಮಿ ಅನ್ನೋ ಪ್ರಶ್ನೆಯೇ ಸರಿ ಇರಲಿಲ್ಲವೇನೋ.

ಆಮೇಲೆ ಮನೆಯವಳಿಗೂ ಪರೀಕ್ಷೆ ಕೊಟ್ಟೆ. ಐಲಾದಲ್ಲಿ ಪೂರ್ತಿ ಡ್ರೈವಿಂಗ್ ಅವಳದ್ದೇ. ಸ್ಕಾಟ್ಲೆಂಡಿನ ಮಿತಿ ಇಂಗ್ಲೆಂಡಿಗಿಂತ ಕಮ್ಮಿ, ಒಂದು ಪೆಗ್ಗೂ ಭಯ. ಡ್ರೈವರ್ ಪಾಲು ಅಂತ ಚಿಕ್ಕ ಶೀಷೆಯಲ್ಲಿ ಕೊಡ್ತಾರಲ್ಲ, ಅದು ಹಾಗೇ ಬಿದ್ದಿತ್ತು, ಕುಡಿಯುವವಳೂ ಅಲ್ಲ. ಬಾಯಿಗೇ ಇಡಲಿಲ್ಲ, ಮೂಸಿದಳಷ್ಟೇ. ನಾಲ್ಕಕ್ಕೆ ನಾಲ್ಕೂ ಸರಿ. ನಾಲ್ಕು ಸಲವೂ ಹೊಗೆ ಜಾಸ್ತಿ ಅಂದದ್ದು ಆಕ್ಟೋಮೋರಿಗೇ.

ಕೆಮಿಸ್ಟ್ರಿ ಮೇಷ್ಟ್ರು

ಬೇರೆ ಲೋಟ ಹುಡುಕೋದು ಸುಮ್ಮನೆ ಅದೃಷ್ಟಕ್ಕೆ ನಾಲ್ಕಕ್ಕೆ ನಾಲ್ಕು ಬರೋದು 81ರಲ್ಲಿ ಒಂದು ಸಲ. ಅಮ್ಮನವರಿಗೆ ನಮಸ್ಕಾರ ಹೇಳಿ.

ಹುಬ್ಬಳ್ಳಿಯಾಂವ

ಹಂಗಾರ ನಿಮ್ಮ ಮೂಗs ಕೆಟ್ಟೈತ್ರಿ. ಮುಂದಿನ ಬಾಟ್ಲಿ ವೈನಿಯವರ ಕಡೆ ಆರಿಸ್ರಿ.

ಜಯನಗರ 4ನೇ ಬ್ಲಾಕ್

ಬೆಂಗಳೂರಿಗೆ ಬರುವಾಗ ಮೂರೂ ತನ್ನಿ. 700 ಎಂಎಲ್‌ದು ಮೂರಾದ್ರೆ 2.1 ಲೀಟರ್, ತಲೆಗೆ ಎರಡೇ ಲೀಟರ್ ಬಿಡೋದು, ಅದಕ್ಕೆ ಒಂದನ್ನ ಮನೆಯವರ ಬ್ಯಾಗಲ್ಲಿ ಹಾಕಿ.

ಕುಂದಾಪುರದ ಗಾಳಿ

ಯಾರ ಬಾಟ್ಲಿ ಯಾರ ಬ್ಯಾಗಿಗೆ ಅಂತ ಇವ್ರಿಗೆ ಎಂತ ಚಿಂತೆ ಮಾರಾಯ್ರೆ.

ತೀರ್ಥಹಳ್ಳಿ ಟು ಗ್ಲಾಸ್ಗೋ

ಇದು ಅವರ ಹೆಂಡತಿ, ಅವರ ಫೋನಿಂದ ಬರೀತಿದ್ದೀನಿ. ನಮಸ್ಕಾರ ತಲುಪಿತು ಮೇಷ್ಟ್ರೇ. ಆದ್ರೆ ಆ ಮೂರು ಲೋಟ ನಾಲ್ಕು ಸಲ ತೊಳೆದಾಯ್ತು, ಬೆಳಿಗ್ಗೆ ಫಿಲ್ಟರ್ ಕಾಫಿ ಹಾಕಿದ್ರೆ ಇನ್ನೂ ಬಚ್ಚಲೊಲೆ. ಇದಕ್ಕೇನು ಮಾಡೋದು?

ಅರ್ಧ ಲೋಟ

ಅಕ್ಕಾ, ಹುಣಸೆಹಣ್ಣು ಕಲ್ಲುಪ್ಪು ಹಾಕಿ ತಿಕ್ಕಿ, ಆಮೇಲೆ ಕುದಿಯೋ ನೀರು ಹೊಯ್ದು ಬಿಸಿಲಿಗೆ ಇಡಿ.

ಮೂರನೇ ಪೆಗ್

ಗ್ಲಾಸ್ಗೋದಲ್ಲಿ ಬಿಸಿಲು ಎಲ್ಲಿಂದ ತರ್ತಾರೆ?